ಹಲಗೆಯೇ ಅಳತೆಗೋಲು

ಮಗಳೇ,

ಪುಸ್ತಕದ ಕಪಾಟನ್ನು ನೀನೇ ಮಾಡುತ್ತಿದ್ದೀಯ, ಅದಕ್ಕೆಂದೇ ಮರ ಕೊರೆಯುವ ರೌಟರ್ ಯಂತ್ರ ತಂದಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಪಕ್ಕದ ಹಲಗೆಗೆ ಅಡ್ಡಲಾಗಿ ಗ್ರೂವ್ ಹೊಡೆದು, ಅದರೊಳಗೆ ಅಡ್ಡಹಲಗೆ ಕೂರಿಸುವ ಡ್ಯಾಡೋ ಜಾಯಿಂಟನ್ನೇ ಮಾಡಬೇಕೆಂದು ಹಟ ಹಿಡಿದಿದ್ದೀಯಂತೆ. ಆ ಹಟ ಬಿಡಬೇಡ. ಅಷ್ಟೆಲ್ಲ ಯಾಕೆ, ನಾಲ್ಕು ಸ್ಕ್ರೂ ಹೊಡೆದು ಮುಗಿಸು ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರಿಗೆ ಉತ್ತರ ಪ್ಲೈವುಡ್ಡಿನ ಅಂಚಿನಲ್ಲೇ ಇದೆ. ಒಂದು ತುಂಡು ಕೊಯ್ದು ಅಂಚನ್ನು ನೋಡು, ಪದರದ ಮೇಲೆ ಪದರ. ಅಂಚಿನಿಂದ ಒಳಹೋದ ಸ್ಕ್ರೂ ಆ ಪದರಗಳ ನಡುವೆ ನುಗ್ಗಿ ಅವನ್ನು ಬೇರ್ಪಡಿಸಲು ನೋಡುತ್ತದೆ. ದಪ್ಪ ಪುಸ್ತಕಗಳನ್ನು ಮೂರಡಿಯ ಸಾಲಿನಲ್ಲಿ ಒತ್ತಿ ಜೋಡಿಸಿದರೆ ಸುಮಾರು 30 ಕಿಲೋ ಭಾರವಾಗುತ್ತದೆ. ಅಷ್ಟನ್ನೂ ವರ್ಷಗಟ್ಟಲೆ ಆ ಸ್ಕ್ರೂಗಳೇ ಹೊರಬೇಕು. ಡ್ಯಾಡೋದಲ್ಲಿ ಹಲಗೆಯ ತುದಿ ಗ್ರೂವಿನ ಕೆಳದಡದ ಮೇಲೆ ತನ್ನ ಪೂರ್ತಿ ಅಗಲಕ್ಕೂ ಕೂತಿರುತ್ತದೆ. ಭಾರವನ್ನು ಮರವೇ ಹೊರುತ್ತದೆ. ಅಂಟು ಅದು ಈಚೆ ಜಾರದಂತೆ ಹಿಡಿದುಕೊಂಡರೆ ಸಾಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡ್ಯಾಡೋ ತುದಿಯನ್ನು ಹಿಡಿಯುತ್ತದೆಯೇ ಹೊರತು ನಡುವನ್ನಲ್ಲ. 18 ಮಿ.ಮೀ. ಪ್ಲೈ ಮೂರಡಿಗಿಂತ ಉದ್ದವಾದರೆ ಪುಸ್ತಕದ ಭಾರಕ್ಕೆ ನಡುವೆ ಜೋತುಬೀಳುತ್ತದೆ. ಎರಡೂವರೆ ಅಡಿಗೆ ನಿಲ್ಲಿಸು.

ಈಗ ಮುಖ್ಯ ವಿಷಯ. ರೌಟರಿನ ಕೆಲಸ ಒಂದು ಗ್ರೂವಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಜಾಯಿಂಟ್ ಬಿಗಿಯಾಗುತ್ತದೋ ಸಡಿಲವಾಗುತ್ತದೋ ಎಂಬುದು ಆ ನಿಮಿಷಕ್ಕೆ ಮುಂಚೆಯೇ, ಪ್ಲಗ್ ಇನ್ನೂ ಗೋಡೆಗೆ ಸೇರದಿರುವಾಗಲೇ ತೀರ್ಮಾನವಾಗಿರುತ್ತದೆ. ಅದು ತೀರ್ಮಾನವಾಗುವುದು ಹಲಗೆಯ ದಪ್ಪದಲ್ಲಿ.

ಅಂಗಡಿಯಲ್ಲಿ 18 ಎಂದು ಕೊಟ್ಟ ಪ್ಲೈಯನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿದು ನೋಡು. ಒಂದು ಶೀಟು 17.6 ತೋರಿಸುತ್ತದೆ, ಇನ್ನೊಂದು 17.3. ಒಂದೇ ಶೀಟಿನ ಈ ಮೂಲೆಗೂ ಆ ಮೂಲೆಗೂ ವ್ಯತ್ಯಾಸ ಇರಬಹುದು. 18 ಎಂಬುದು ಬಿಲ್ಲಿನಲ್ಲಿ ಬರೆಯುವ ಸಂಖ್ಯೆ. ರೌಟರಿಗೆ ಹಾಕಿ ಕೊರೆಯುವ ಬಿಟ್ಟಿನ ವಿಷಯ ಬೇರೆ. ಮುಕ್ಕಾಲು ಇಂಚಿನ ಬಿಟ್ ಎಂದರೆ 19.05 ಮಿ.ಮೀ.; ಅದು ಅಷ್ಟನ್ನೇ ಕೊರೆಯುತ್ತದೆ. ಆ ಗ್ರೂವಿಗೆ 17.5ರ ಹಲಗೆ ಕೂರಿಸಿದರೆ ಒಂದೂವರೆ ಮಿಲಿಮೀಟರ್ ಸಂದು. ಅದನ್ನು ಫೆವಿಕಾಲ್ ಮತ್ತು ಮರದ ಪುಡಿ ಕಲಸಿ ತುಂಬುತ್ತಾರೆ, ಮೇಲೆ ಪಾಲಿಶ್ ಬಳಿಯುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಬಿಳಿ ಅಂಟಿಗೆ ಸಂದು ತುಂಬುವ ಶಕ್ತಿ ಇಲ್ಲ ಮಗಳೇ. ಎರಡು ಮೈಗಳು ತಾಗಿಕೊಂಡಿದ್ದಾಗ, ನಡುವೆ ತೆಳುವಾದ ಪೊರೆಯಾಗಿ ಇದ್ದಾಗ ಮಾತ್ರ ಅದು ಕಚ್ಚಿ ಹಿಡಿಯುತ್ತದೆ.

ಹಾಗಾಗಿ ಹಲಗೆಯ ದಪ್ಪಕ್ಕೆ ಸರಿಸಮನಾದ ಬಿಟ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯಬೇಡ. ಚಿಕ್ಕ ಬಿಟ್ ತೆಗೆದುಕೋ, 12 ಮಿ.ಮೀ. ಸಾಕು. ಹೋಗುತ್ತಾ ಒಂದು ದಡ, ಬರುತ್ತಾ ಇನ್ನೊಂದು ದಡ. ಅಗಲವನ್ನು ಬಿಟ್ ತೀರ್ಮಾನಿಸದೆ ನೀನು ಕೂರಿಸಲಿರುವ ಹಲಗೆಯೇ ತೀರ್ಮಾನಿಸುವಂತೆ ಒಂದು ಜಿಗ್ ಮಾಡಿಕೋ. ಈ ಪತ್ರ ಬರೆಯಲು ಕೂತಿದ್ದೇ ಆ ಜಿಗ್ಗಿಗಾಗಿ.

18 ಮಿ.ಮೀ. ಪ್ಲೈಯ ನಾಲ್ಕು ಪಟ್ಟಿ ಬೇಕು. ಎರಡು ಉದ್ದನೆಯವು, ರೌಟರ್ ಓಡುವ ದಾರಿಗೆ. ಎರಡು ಗಿಡ್ಡನೆಯವು, ಅವುಗಳ ಎರಡು ತುದಿಗೆ ಅಡಿಯಿಂದ ಅಡ್ಡ ಕೂರಿಸುವುದಕ್ಕೆ. ಉದ್ದ ಪಟ್ಟಿಗಳ ಒಳ ಅಂಚು ಕಡ್ಡಿಯಂತೆ ನೇರ ಇರಬೇಕು. ಕಾರ್ಖಾನೆಯಿಂದ ಬಂದ ಅಂಚು ಸಿಕ್ಕರೆ ಅದನ್ನೇ ಒಳಗೆ ಮಾಡು. ಮೊದಲ ಉದ್ದ ಪಟ್ಟಿಯನ್ನು ಒಂದು ಅಡ್ಡಪಟ್ಟಿಗೆ ಮೂಲೆಮಟ್ಟ ಹಿಡಿದು, ಅಂಟು ಸ್ಕ್ರೂ ಎರಡೂ ಹಾಕಿ ಕೂರಿಸು. ಇಲ್ಲಿ ಆತುರ ಬೇಡ. ಈ ಒಂದು ಮೂಲೆಯಲ್ಲಿ ತಪ್ಪಿದ ಮಟ್ಟ ಕಪಾಟಿನ ಪ್ರತಿಯೊಂದು ಹಲಗೆಯಲ್ಲೂ ತಪ್ಪುತ್ತದೆ. ಆಮೇಲೆ ಎರಡನೆಯ ಉದ್ದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಕಪಾಟಿಗೆಂದು ಕೊಯ್ದ ಅಡ್ಡಹಲಗೆಯದೇ ಒಂದು ತುಂಡನ್ನು ಎರಡರ ನಡುವೆ ನಿಲ್ಲಿಸು. ತುಂಡಿನ ಜೊತೆಗೆ ಒಂದು ಬಿಳಿ ಕಾಗದವನ್ನೂ ಸೇರಿಸು. ಮಾಮೂಲಿ ಕಾಗದ ಸುಮಾರು 0.1 ಮಿ.ಮೀ. ದಪ್ಪ, ಅಂಟಿಗೆ ಅಷ್ಟು ಜಾಗ ಬೇಕು. ಎರಡೂ ಪಟ್ಟಿಗಳನ್ನು ತುಂಡಿಗೆ ಒತ್ತಿ ಹಿಡಿದು ಎರಡನೆಯದನ್ನೂ ಸ್ಕ್ರೂ ಹಾಕಿ ಬಿಗಿ ಮಾಡು. ತುಂಡನ್ನು ಎಳೆದು ತೆಗೆ. ಉಳಿಯಿತಲ್ಲ ಆ ಖಾಲಿ ಜಾಗ, ಅದೇ ನಿನ್ನ ಗ್ರೂವಿನ ಅಗಲ. ಟೇಪು ಬೇಡ, ಕ್ಯಾಲಿಪರ್ ಬೇಡ, ಯಾವ ಲೆಕ್ಕವೂ ಬೇಡ. ಇನ್ನೊಂದು ಶೀಟು ತಂದು ಅದರ ದಪ್ಪ ಬೇರೆಯಾದರೆ ಸ್ಕ್ರೂ ಬಿಚ್ಚಿ, ಆ ಶೀಟಿನ ತುಂಡನ್ನೇ ನಿಲ್ಲಿಸಿ ಮತ್ತೆ ಬಿಗಿ ಮಾಡು.

ಬಿಟ್ ಕೊಳ್ಳುವಾಗ ಬೇರಿಂಗ್ ಶ್ಯಾಂಕಿನ ಬದಿಗೆ, ಅಂದರೆ ಯಂತ್ರದೊಳಗೆ ಸೇರುವ ಕಡ್ಡಿಯ ಬದಿಗೆ, ಮೇಲ್ಗಡೆಗೆ ಇರುವುದನ್ನೇ ಕೇಳು. ಆ ಬೇರಿಂಗ್ ಪಟ್ಟಿಯ ಒಳ ಅಂಚಿಗೆ ತಾಗಿಕೊಂಡು ಓಡುತ್ತದೆ, ಅದರ ಕೆಳಗೆ ಬ್ಲೇಡು ಅದೇ ಗೆರೆಯಲ್ಲಿ ಕೊರೆಯುತ್ತದೆ. ಬ್ಲೇಡಿನ ಉದ್ದ ಪಟ್ಟಿಯ ದಪ್ಪಕ್ಕಿಂತ ಕಡಿಮೆ ಇರಲಿ. ಉದ್ದದ ಬ್ಲೇಡು ಹಾಕಿದರೆ ಬೇರಿಂಗ್ ಪಟ್ಟಿಗೆ ತಾಗದೆ ಮೇಲೆ ಉಳಿದು, ಬ್ಲೇಡು ಜಿಗ್ಗನ್ನೇ ತಿಂದುಬಿಡುತ್ತದೆ. ಇನ್ನು ಬಿಟ್ ಕಾರ್ಬೈಡ್ ತುದಿಯದ್ದೇ ಆಗಬೇಕು. ಪ್ಲೈಯೊಳಗಿನ ಅಂಟು ಬರಿಯ ಉಕ್ಕಿನ ಬಿಟ್ಟನ್ನು ಬೇಗ ಮೊಂಡು ಮಾಡುತ್ತದೆ. ಮುಂದೆ ತೇಗಕ್ಕೆ ಕೈಹಾಕಿದರೂ ಅದೇ ಮಾತು; ತೇಗದೊಳಗೆ ಸಿಲಿಕಾ ಇದೆ, ಅದು ಮರಳಿನ ಜಾತಿ.

ಗ್ರೂವಿನ ಆಳ ಹಲಗೆಯ ಮೂರನೇ ಒಂದು ಭಾಗ. 18ಕ್ಕೆ 6. ಆಳ ಹೆಚ್ಚಾದಷ್ಟೂ ಬಲ ಹೆಚ್ಚು ಎಂದುಕೊಂಡು ಅರ್ಧ ದಾಟಿಸಬೇಡ, ಪಕ್ಕದ ಹಲಗೆ ಅಲ್ಲೇ ಸೊರಗುತ್ತದೆ. ಆ 6ನ್ನೂ ಒಂದೇ ಸಲಕ್ಕೆ ಇಳಿಸದೆ 3 ಮತ್ತು 3 ಮಾಡು. ಯಂತ್ರ ಉಸಿರಾಡುತ್ತಿದೆಯೋ ಒದ್ದಾಡುತ್ತಿದೆಯೋ ಅದರ ದನಿಯಲ್ಲೇ ಗೊತ್ತಾಗುತ್ತದೆ. ಕಿವಿ ಅದಕ್ಕೆ ಬೇಗ ಪಳಗುತ್ತದೆ.

ಯಾವ ಕಡೆಗೆ ತಳ್ಳಬೇಕು ಎಂಬುದು ಹೊಸಬರಿಗೆ ಗೊಂದಲ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ನಿನ್ನಿಂದ ಆಚೆಗೆ ತಳ್ಳುವಾಗ ಬಿಟ್ಟಿನ ಮುಂಭಾಗ ಮರವನ್ನು ಎಡದಿಂದ ಬಲಕ್ಕೆ ಕೆರೆಯುತ್ತದೆ. ಮರ ಅದನ್ನು ಎಡಕ್ಕೆ ನೂಕುತ್ತದೆ. ಆದ್ದರಿಂದ ಆಚೆಗೆ ತಳ್ಳುವಾಗ ಎಡ ಪಟ್ಟಿಗೆ ಒತ್ತಿಕೊಂಡು ಹೋಗು, ಈಚೆಗೆ ಎಳೆಯುವಾಗ ಬಲ ಪಟ್ಟಿಗೆ ಒತ್ತಿಕೊಂಡು ಬಾ. ಆಗ ಯಂತ್ರ ತಾನಾಗಿಯೇ ಪಟ್ಟಿಗೆ ಅಂಟಿಕೊಂಡು ಓಡುತ್ತದೆ, ನಿನ್ನ ತೋಳು ಸೆಣಸಬೇಕಾಗಿಲ್ಲ. ತಿರುವುಮುರುವು ಮಾಡಿದರೆ ಬಿಟ್ ಮರವನ್ನು ಹತ್ತಿಕೊಂಡು ಮುಂದಕ್ಕೆ ನೆಗೆಯುತ್ತದೆ. ಆಗ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾರ ಕೈಗೂ ಇಲ್ಲ.

ಓಡಿಸುವ ವೇಗವನ್ನು ಗಂಟೆ ನಿಮಿಷದಲ್ಲಿ ಹೇಳಲಾಗದು. ಹೊರಬರುವ ಪುಡಿಯನ್ನು ಬೆರಳಲ್ಲಿ ಹಿಸುಕಿ ನೋಡು. ಸಣ್ಣ ಸಣ್ಣ ಚಕ್ಕೆಯಾಗಿದ್ದರೆ ಸರಿಯಾದ ವೇಗ. ಮೈದಾ ಹಿಟ್ಟಿನಷ್ಟು ನುಣುಪಾಗಿ, ಕಂದುಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಬಂದರೆ ಒಂದೋ ನೀನು ನಿಧಾನಿಸುತ್ತಿದ್ದೀಯ, ಇಲ್ಲವೇ ಬಿಟ್ ಮೊಂಡಾಗಿದೆ. ಗ್ರೂವಿನ ಗೋಡೆ ಕಪ್ಪಾಯಿತೆಂದರೆ ಆ ಮೈಗೆ ಅಂಟು ಚೆನ್ನಾಗಿ ಹಿಡಿಯುವುದಿಲ್ಲ, ಅದನ್ನು ಹೆರೆದು ತೆಗೆಯಬೇಕು.

ಸಿಬಿರು ಏಳುವುದು ಎರಡು ಕಡೆ. ಬಿಟ್ ಹಲಗೆಯಿಂದ ಹೊರಬೀಳುವ ಅಂಚಿನಲ್ಲಿ, ಮತ್ತು ಗ್ರೂವಿನ ಮೇಲ್ದಡದಲ್ಲಿ. ಮೊದಲನೆಯದಕ್ಕೆ ಆ ಅಂಚಿಗೆ ಒಂದು ವೇಸ್ಟ್ ತುಂಡನ್ನು ಒತ್ತಿ ಕ್ಲ್ಯಾಂಪ್ ಹಾಕು; ಸೀಳುವುದಿದ್ದರೆ ಅದು ಸೀಳಲಿ. ಎರಡನೆಯದಕ್ಕೆ ಜಿಗ್ ಕೂರಿಸಿದ ಮೇಲೆ, ಹರಿತವಾದ ಕಟರ್ ಬ್ಲೇಡಿನಿಂದ ಎರಡೂ ಪಟ್ಟಿಗಳ ಒಳ ಅಂಚಿಗೆ ತಾಗಿಸಿ ಗೀರು ಎಳೆ. ಒಂದೇ ಜಾಗದಲ್ಲಿ ಎರಡು ಮೂರು ಸಲ, ಮೇಲಿನ ವೆನೀರ್ ಕಡಿದುಹೋಗುವಷ್ಟು. ಆಮೇಲೆ ಬಿಟ್ ಬಂದಾಗ ಎಳೆಗಳು ಗೀರಿನ ತನಕ ಬಂದು ಅಲ್ಲೇ ನಿಲ್ಲುತ್ತವೆ. ಯಂತ್ರ ಬರುವ ಮುಂಚೆ ಗರಗಸ, ಉಳಿ ಹಿಡಿದು ಇದೇ ಗ್ರೂವನ್ನು ಕಡಿಯುತ್ತಿದ್ದವರೂ ಮೊದಲು ಗೀರು ಎಳೆಯುತ್ತಿದ್ದರು. ಯಂತ್ರ ಬಂತೆಂದು ಆ ಕ್ರಮ ಬಿಟ್ಟವರ ಹಲಗೆಯಲ್ಲಿ ದಡ ಹರಿದಿರುವುದು ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತದೆ, ನೋವಾಗುತ್ತದೆ.

ಎಡಬಲದ ಎರಡು ಪಕ್ಕದ ಹಲಗೆಗಳಿಗೆ ಬೇರೆ ಬೇರೆ ಗುರುತು ಹಾಕಿ, ಬೇರೆ ಬೇರೆ ಗ್ರೂವ್ ಹೊಡೆಯುವುದೇ ಬೇಡ. ಒಂದಡಿ ಅಗಲದ ಎರಡು ಹಲಗೆ ಬೇಕಿದ್ದರೆ ಎರಡಡಿಗಿಂತ ತುಸು ಹೆಚ್ಚು ಅಗಲದ ಒಂದೇ ಹಲಗೆ ಇಟ್ಟುಕೋ, ಗರಗಸ ತಿನ್ನುವಷ್ಟು ಬಿಟ್ಟು. ಎಲ್ಲ ಗ್ರೂವನ್ನೂ ಅದಕ್ಕೇ ಅಡ್ಡಲಾಗಿ ಹೊಡೆ. ಆಮೇಲೆ ನಡುವೆ ಉದ್ದಕ್ಕೆ ಸೀಳು. ಎಡದ ಗ್ರೂವಿಗೂ ಬಲದ ಗ್ರೂವಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ, ಏಕೆಂದರೆ ಅವು ಒಂದೇ ಗ್ರೂವಿನ ಎರಡು ಅರ್ಧ. ಅಡ್ಡಹಲಗೆ ವಾಲಿದೆ, ಕಪಾಟು ಕುಂಟುತ್ತದೆ ಎಂಬ ದೂರಿಗೆ ಜಾಗವೇ ಇರುವುದಿಲ್ಲ. ಜಿಗ್ ಅಷ್ಟು ಉದ್ದ ಇರಬೇಕು, ಅದನ್ನು ಮರೆಯಬೇಡ.

ಉಜ್ಜುವ ಕೆಲಸ ಮುಗಿಸಿಯೇ ದಪ್ಪ ಅಳೆ. ಜಿಗ್ ಹೊಂದಿಸಿದ ಮೇಲೆ ಸ್ಯಾಂಡ್ ಪೇಪರ್ ಹಾಕಿ ಹಲಗೆ ಉಜ್ಜಿದರೆ ಅಷ್ಟೂ ಶ್ರಮ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಮೈಕಾ ಹಚ್ಚುವ ಯೋಚನೆ ಇದೆಯೋ ಏನೋ ಗೊತ್ತಿಲ್ಲ. ಇದ್ದರೆ ಈಗಲೇ ತೀರ್ಮಾನಿಸು. 1 ಮಿ.ಮೀ. ಮೈಕಾ ಎರಡೂ ಮೈಗೆ ಬಂದರೆ ಅಡ್ಡಹಲಗೆಯ ದಪ್ಪ 2 ಮಿ.ಮೀ. ಏರುತ್ತದೆ. ಅಲ್ಲದೆ ಮೈಕಾದ ನುಣುಪು ಮೈಗೆ ಫೆವಿಕಾಲ್ ಹಿಡಿಯುವುದಿಲ್ಲ. ಗ್ರೂವಿನೊಳಗೆ ಮೈಕಾ ಹೋದರೆ ಅಂಟು ಇದ್ದೂ ಇಲ್ಲದಂತೆ. ನನ್ನ ಕ್ರಮ ಇದು: ಪಕ್ಕದ ಹಲಗೆಗೆ ಮೈಕಾ ಮೊದಲೇ ಹಚ್ಚಿ ಆಮೇಲೆ ಗ್ರೂವ್ ಹೊಡೆಯುವುದು, ಅಡ್ಡಹಲಗೆಯ ಎರಡು ತುದಿಯಲ್ಲಿ ಮಾತ್ರ 6 ಮಿ.ಮೀ. ಅಗಲಕ್ಕೆ ಮೈಕಾ ಬಿಟ್ಟು ಬರಿ ಪ್ಲೈ ಉಳಿಸುವುದು. ಆ ಬರಿಯ ನಾಲಗೆ ಗ್ರೂವಿನೊಳಗೆ ಹೋಗುತ್ತದೆ, ಮೈಕಾದ ಅಂಚು ಪಕ್ಕದ ಹಲಗೆಗೆ ಬಂದು ತಾಗಿ ಸಂದನ್ನೂ ಮುಚ್ಚುತ್ತದೆ. ಆಗ ಜಿಗ್ಗಿಗೆ ನಿಲ್ಲಿಸುವ ತುಂಡೂ ಬರಿ ಪ್ಲೈಯದ್ದೇ.

ನಿಜವಾದ ಹಲಗೆಗೆ ಕೈಹಾಕುವ ಮುನ್ನ ಅದೇ ಶೀಟಿನ ವೇಸ್ಟ್ ತುಂಡಿನಲ್ಲಿ ಒಂದು ಗ್ರೂವ್ ಹೊಡೆ. ಅಡ್ಡಹಲಗೆಯ ತುದಿಯನ್ನು ಅದಕ್ಕಿಟ್ಟು ಅಂಗೈಯಿಂದ ಒತ್ತು. ಅದು ಒಳಗೆ ಇಳಿಯುವಾಗ ಸಣ್ಣಗೆ ತಡೆಯುತ್ತಾ, ಗಾಳಿಯನ್ನು ಹೊರಕ್ಕೆ ನೂಕುತ್ತಾ ಇಳಿಯಬೇಕು. ಹಲಗೆಯನ್ನು ಎತ್ತಿ ಹಿಡಿದರೆ ವೇಸ್ಟ್ ತುಂಡು ಬೀಳದೆ ನೇತಾಡಬೇಕು, ಕೈಯಿಂದ ಎಳೆದರೆ ಬರಬೇಕು. ಕೊಡತಿ ಬೇಕಾಯಿತೆಂದರೆ ಬಿಗಿ ಜಾಸ್ತಿ. ಬಿಳಿ ಅಂಟಿನಲ್ಲಿ ನೀರಿದೆ, ಸವರಿದ ಕೂಡಲೇ ಪ್ಲೈ ಉಬ್ಬುತ್ತದೆ. ಒಣಗಿದ್ದಾಗಲೇ ಬಿಗಿಯಾಗಿದ್ದ ಹಲಗೆ ಅಂಟು ಹಚ್ಚಿದ ಮೇಲೆ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ.

ಇನ್ನು ನಿನ್ನ ಮೈಮೇಲಿನ ವಿಷಯ. ಇದನ್ನು ಓದಿ ಪಕ್ಕಕ್ಕಿಡಬೇಡ.

ನಿಮಿಷಕ್ಕೆ ಹತ್ತು ಸಾವಿರದಿಂದ ಮೂವತ್ತು ಸಾವಿರ ಸುತ್ತು ತಿರುಗುವ ಯಂತ್ರ ಅದು. ಸಿಕ್ಕಿದ್ದನ್ನು ಸುತ್ತಿಕೊಳ್ಳುತ್ತದೆ, ಕೈ ಹಿಂದಕ್ಕೆಳೆಯುವಷ್ಟು ಹೊತ್ತು ಕೊಡುವುದಿಲ್ಲ. ದುಪಟ್ಟಾ ಬೇಡ. ಜಡೆಯನ್ನು ಮೇಲೆ ಕಟ್ಟಿ ಬಟ್ಟೆಯೊಳಗೆ ಸೇರಿಸು. ಬಳೆ, ವಾಚು ತೆಗೆದಿಡು. ಕೈಗೆ ದೇವರ ದಾರ ಕಟ್ಟಿಕೊಂಡಿದ್ದರೆ ಅದನ್ನೂ ಬಿಚ್ಚಿ ದೇವರ ಮುಂದೆಯೇ ಇಟ್ಟು ಬಾ. ಬಟ್ಟೆಯ ಗ್ಲೌಸು ಕೂಡ ಬೇಡ, ಅದೂ ಸುತ್ತಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಕೊರಳಿಗೆ ಟವೆಲ್ ಹಾಕಿಕೊಂಡು, ಬರಿಗಾಲಲ್ಲಿ ನಿಂತು ರೌಟರ್ ಹಿಡಿದವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೂಗಿಗೆ ಎನ್95 ಮಾಸ್ಕ್ ಹಾಕು, ಕರ್ಚೀಫು ಸಾಲದು. ಮರದ ಪುಡಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ದಾಖಲಿಸಿದೆ. ಮೂಗಿನೊಳಗೆ, ಅದರ ಸುತ್ತಲಿನ ಪೊಳ್ಳುಗಳಲ್ಲಿ ಬರುವಂಥದ್ದು. ಕೆಮ್ಮು ಬಂದರೆ ಬೆಲ್ಲ ತಿಂದರಾಯಿತು ಎಂದುಕೊಂಡು ಇಡೀ ಆಯುಸ್ಸು ಪುಡಿಯಲ್ಲೇ ಕಳೆದವರು ನಮ್ಮಲ್ಲಿ ಬಹಳ. ನಿನಗೆ ಗೊತ್ತಿದೆ, ನೀನು ಹಾಗೆ ಮಾಡಬಾರದು.

ಬಿಟ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳು. ಕಣ್ಣಿಗೆ ಪ್ಲಗ್ ಕಾಣುತ್ತಿರಬೇಕು. ಶ್ಯಾಂಕನ್ನು ಪೂರ್ತಿ ತಳಕ್ಕೆ ಇಳಿಸಿ, 2 ಮಿ.ಮೀ. ಮೇಲಕ್ಕೆತ್ತಿ, ಆಮೇಲೆ ಬಿಗಿ ಮಾಡು. ತಳಕ್ಕೆ ತಾಗಿಸಿಯೇ ಬಿಗಿ ಮಾಡಿದರೆ ಶ್ಯಾಂಕನ್ನು ಕಚ್ಚುವ ಕಾಲೆಟ್ ಸರಿಯಾಗಿ ಹಿಡಿಯುವುದಿಲ್ಲ, ಓಡುವಾಗ ಬಿಟ್ ಜಾರುತ್ತದೆ. ಆನ್ ಮಾಡುವಾಗ ಬಿಟ್ ಮರಕ್ಕೆ ತಾಗಿರಬಾರದು. ಆಫ್ ಮಾಡಿದ ಮೇಲೆ ಪೂರ್ತಿ ನಿಲ್ಲುವ ತನಕ ಕೆಳಗಿಡಬಾರದು.

ಯಂತ್ರದ ಪೆಟ್ಟಿಗೆಯಲ್ಲಿ ಬರುವ ಪುಸ್ತಕವನ್ನು ಓದದೆ ಎಸೆಯುವವರೇ ಹೆಚ್ಚು, ಓದಿದವರೂ ಒಂದು ವಿಷಯವನ್ನು ಗಮನಿಸುವುದಿಲ್ಲ. ಕೆಲಸದ ನಡುವೆ ಕರೆಂಟ್ ಹೋಗುತ್ತದೆ. ಯಂತ್ರ ನಿಂತಿತೆಂದು ಹಾಗೇ ಮೇಜಿನ ಮೇಲಿಟ್ಟು ಕಾಫಿಗೆ ಹೋಗುತ್ತಾರೆ. ಸ್ವಿಚ್ ಆನ್‌ನಲ್ಲೇ ಇರುತ್ತದೆ. ಕರೆಂಟ್ ಬಂದ ಕ್ಷಣ ರೌಟರ್ ತಾನಾಗಿ ಎದ್ದು ಮೇಜಿನ ಮೇಲೆ ಓಡುತ್ತದೆ. ಕರೆಂಟ್ ಹೋದ ಕೂಡಲೇ ಮೊದಲು ಸ್ವಿಚ್, ಆಮೇಲೆ ಪ್ಲಗ್, ಆಮೇಲೆ ಕಾಫಿ. ನೀನು ತಂದಿರುವುದು ದೊಡ್ಡ ರೌಟರ್ ಆದರೆ ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು; ಎಕ್ಸ್‌ಟೆನ್ಷನ್ ವೈರು ದಪ್ಪದ್ದಾಗಿರಲಿ, ಸುರುಳಿ ಪೂರ್ತಿ ಬಿಚ್ಚಿರಲಿ, ಸುತ್ತಿಟ್ಟ ವೈರು ಬಿಸಿಯಾಗುತ್ತದೆ.

ಕೈಹಿಡಿದು ತೋರಿಸುವವರು ಬೇಕೆನಿಸಿದರೆ ಮಲ್ಲೇಶ್ವರದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಆ್ಯಂಡ್ ಟೆಕ್ನಾಲಜಿ ಇದೆ. ಮರಗೆಲಸದ ಯಂತ್ರಗಳ ತರಬೇತಿ ಕೊಡುತ್ತಾರೆ. ಬೆಂಗಳೂರಿನಲ್ಲೇ ಇದ್ದೀಯ, ಒಮ್ಮೆ ಹೋಗಿ ವಿಚಾರಿಸು.

ಗ್ರೂವ್ ಮುಂದಿನ ಅಂಚಿನ ತನಕ ಬಂದರೆ ಎದುರಿನಿಂದ ಕಾಣುತ್ತದಲ್ಲ ಎಂದು ನೀನು ಕೇಳಬಹುದು. ಅಂಚಿಗೆ ಮುಂಚೆಯೇ ನಿಲ್ಲಿಸುವುದುಂಟು. ಬಿಟ್ ದುಂಡಗಿರುವುದರಿಂದ ಗ್ರೂವಿನ ಕೊನೆಯೂ ದುಂಡಗೆ ಉಳಿಯುತ್ತದೆ. ಅದನ್ನು ಉಳಿಯಿಂದ ಚೌಕ ಮಾಡಬೇಕು, ಅಡ್ಡಹಲಗೆಯ ಮೂಲೆಗೂ ಕಚ್ಚು ಹಾಕಬೇಕು. ಚೆಂದದ ಕೆಲಸ, ಆದರೆ ಮೊದಲ ಕಪಾಟಿಗೆ ಬೇಡ. ಈ ಸಲ ಪೂರ್ತಿ ಹೊಡೆದು, ಮುಂದಿನ ಅಂಚಿಗೆಲ್ಲ ತೇಗದ ಬೀಡಿಂಗ್ ಪಟ್ಟಿ ಅಂಟಿಸು. ಗ್ರೂವೂ ಮುಚ್ಚುತ್ತದೆ, ಪ್ಲೈಯ ಪದರವೂ ಮುಚ್ಚುತ್ತದೆ.

ಅಂಟು ಹಾಕುವ ದಿನ ಮೊದಲು ಒಣದರಲ್ಲೇ ಪೂರ್ತಿ ಕಪಾಟನ್ನು ಜೋಡಿಸಿ, ಕ್ಲ್ಯಾಂಪ್ ಬಿಗಿದು, ಎಲ್ಲ ಸರಿ ಇದೆ ಎಂದು ಕಂಡ ಮೇಲೆ ಬಿಚ್ಚು. ಫೆವಿಕಾಲನ್ನು ಬ್ರಷ್ಷಿನಲ್ಲಿ ಗ್ರೂವಿನ ತಳಕ್ಕೂ ಎರಡು ಗೋಡೆಗೂ ತೆಳ್ಳಗೆ ಸವರು. ಸುಮಾರು ಹತ್ತು ನಿಮಿಷದಲ್ಲಿ ಮೇಲ್ಮೈ ಕಟ್ಟಲು ಶುರುವಾಗುತ್ತದೆ, ಬೇಸಿಗೆಯಾದರೆ ಇನ್ನೂ ಬೇಗ. ಇನ್ನೊಬ್ಬರನ್ನು ಜೊತೆಗಿಟ್ಟುಕೋ. ಕ್ಲ್ಯಾಂಪ್ ಬಿಗಿದ ಕೂಡಲೇ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿ. ಎರಡು ಅಳತೆ ಒಂದೇ ಇದ್ದರೆ ಕಪಾಟು ಚೌಕ. ಒಂದು ಹೆಚ್ಚಿದ್ದರೆ ಆ ಹೆಚ್ಚಿರುವ ಮೂಲೆಗಳನ್ನು ಹತ್ತಿರಕ್ಕೆ ಅಮುಕು, ಅಂಟು ಹಸಿಯಿರುವಾಗ ಮಾತು ಕೇಳುತ್ತದೆ. ಹೊರಚೆಲ್ಲಿದ ಅಂಟನ್ನು ಒದ್ದೆ ಬಟ್ಟೆಯಿಂದ ಉಜ್ಜಬೇಡ, ಅದು ಮರದ ರಂಧ್ರಕ್ಕಿಳಿದು ಪಾಲಿಶ್ ಹಾಕಿದಾಗ ಬಿಳಿಚಿಕೊಂಡು ಕಾಣುತ್ತದೆ. ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಉಳಿಯ ತುದಿಯಿಂದ ಎಬ್ಬಿಸಿದರೆ ಪಟ್ಟಿಯಾಗಿ ಏಳುತ್ತದೆ. ಕ್ಲ್ಯಾಂಪ್ ಮಾರನೆಯ ದಿನ ಬಿಚ್ಚು, ಪುಸ್ತಕ ಅದರ ಮರುದಿನ.

ದಸರೆಗೆ ಊರಿಗೆ ಬರುವಾಗ ಮೊದಲು ಹೊಡೆದು ನೋಡಿದ ಆ ವೇಸ್ಟ್ ತುಂಡನ್ನು ಎಸೆಯದೆ ಚೀಲದಲ್ಲಿ ಹಾಕಿಕೊಂಡು ಬಾ. ಗ್ರೂವಿನ ಗೋಡೆ ನೋಡಿದರೆ ನಿನ್ನ ಬಿಟ್ ಹೇಗಿದೆ, ಕೈ ಎಲ್ಲಿ ತಡೆಯಿತು ಎಂದು ಹೇಳುತ್ತೇನೆ. ಜಿಗ್ಗಿನ ಪಟ್ಟಿಗಳು ಹಿಡಿಸಿದರೆ ಅವನ್ನೂ ತಾ, ಹಿತ್ತಿಲ ಬಾಗಿಲ ಪಕ್ಕದ ಕಪಾಟಿಗೆ ಇಲ್ಲೇ ಇಬ್ಬರೂ ಗ್ರೂವ್ ಹೊಡೆಯೋಣ.

ನಿನ್ನ ದೊಡ್ಡಪ್ಪ